ಆಫೀಸಿಗೆ ಹೋದದ್ದು ಹತ್ತೇ ದಿನ, ಲೆಕ್ಕ ಮಾತ್ರ ಮೂರು ತರ

[ಪರದೆ ಮೇಲೆ: ಹಾಜರಾತಿ ಡ್ಯಾಶ್‌ಬೋರ್ಡ್. ಹಸಿರು ಚೌಕಗಳ ನಡುವೆ ಎರಡು ಕೆಂಪು ಚೌಕ.]

ನಮಸ್ಕಾರ. ಈ ಎರಡು ಕೆಂಪು ಚೌಕ ನೋಡಿ. ಎರಡೂ ದಿನ ನಾನು ಆಫೀಸಿನಲ್ಲೇ ಇದ್ದೆ. ಒಂದು ದಿನವಂತೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ. ಆದರೂ ಸಿಸ್ಟಂ ಪ್ರಕಾರ ನಾನು ಗೈರು.

ಏನಾಗಿತ್ತು ಗೊತ್ತಾ? ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದರಲ್ಲಿ ಒದ್ದೆ ಕೊಡೆ. ಮುಂದೆ ಹೋಗುತ್ತಿದ್ದವರು ನನಗಾಗಿ ಬಾಗಿಲು ಹಿಡಿದು ನಿಂತರು. ಥ್ಯಾಂಕ್ಸ್ ಹೇಳಿ ಒಳಗೆ ನಡೆದೆ. ಕಾರ್ಡ್ ಸ್ವೈಪ್ ಮಾಡಲೇ ಇಲ್ಲ. ಇನ್ನೊಂದು ದಿನ ನಮ್ಮದೇ ಕಂಪನಿಯ ಬೇರೆ ಕಟ್ಟಡದಲ್ಲಿ ಟ್ರೈನಿಂಗ್ ಇತ್ತು. ಅಲ್ಲಿ ಸ್ವೈಪ್ ಮಾಡಿದ್ದೆ. ಆದರೆ ನಮ್ಮ ಹೆಸರಿಗೆ ಬರೆದಿರುವ ಕಟ್ಟಡದ ಸ್ವೈಪ್ ಮಾತ್ರ ಲೆಕ್ಕಕ್ಕೆ ಬರುತ್ತದಂತೆ. ನನಗೆ ಬಂದ ಯಾವ ಮೇಲ್‌ನಲ್ಲೂ ಈ ಮಾತು ಇರಲಿಲ್ಲ.

ಮೇಲ್‌ನಲ್ಲಿ ಇದ್ದದ್ದು ಇಷ್ಟೇ: 'ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ.' ಕೇಳೋಕೆ ಎಷ್ಟು ಸುಲಭ ಅಲ್ವಾ? ಆದರೆ ದಿನವನ್ನು ಹೇಗೆ ಎಣಿಸುತ್ತಾರೆ, ಯಾವುದರಿಂದ ಭಾಗಿಸುತ್ತಾರೆ ಎಂಬುದನ್ನು ಹೇಳದೆ ಇದ್ದರೆ ಆ ಮೂರಕ್ಕೆ ಅರ್ಥವೇ ಇಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

[ಪರದೆ ಮೇಲೆ: ಖಾಲಿ ಕ್ಯಾಲೆಂಡರ್. ಮಾತಿನ ಜೊತೆಗೆ ಚೌಕಗಳು ತುಂಬುತ್ತಾ ಹೋಗಲಿ.]

ಒಂದು ಲೆಕ್ಕ ಮಾಡೋಣ. ತಿಂಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ದಿನ ಒಟ್ಟು 21. ಅದರಲ್ಲಿ 2 ದಿನ ಹಬ್ಬದ ರಜೆ. 4 ದಿನ ನೀವು ಹಾಕಿದ ರಜೆ. ಆಫೀಸಿಗೆ ಹೋದದ್ದು 10 ದಿನ. ನಿಯಮ ಏನು? ಐದು ದಿನದಲ್ಲಿ ಮೂರು, ಅಂದರೆ ಶೇಕಡ 60 ಹಾಜರಾತಿ ಬೇಕು.

21ರಿಂದ ಭಾಗಿಸಿದರೆ ನಿಮ್ಮ ಹಾಜರಾತಿ ಶೇಕಡ 47.6. ಫೇಲ್.

ಹಬ್ಬದ ರಜೆ ಕಳೆದು 19ರಿಂದ ಭಾಗಿಸಿದರೆ 52.6. ಆಗಲೂ ಫೇಲ್.

ನಿಮ್ಮ ರಜೆಯನ್ನೂ ಕಳೆದು 15ರಿಂದ ಭಾಗಿಸಿ. 66.7. ಪಾಸ್!

[ಮೂರು ಅಂಕಿಗಳೂ ಪರದೆ ಮೇಲೆ ಒಟ್ಟಿಗೆ. ಎರಡು ಸೆಕೆಂಡ್ ಮೌನ.]

ಅದೇ ಹತ್ತು ದಿನ. ಅದೇ ಮನುಷ್ಯ. ಹುಷಾರಿಲ್ಲದೆ ಮಲಗಿದ ನಾಲ್ಕು ದಿನವನ್ನೂ 'ಆಫೀಸಿಗೆ ಬರಲಿಲ್ಲ' ಅಂತ ಎಣಿಸುವುದು ನನ್ನ ಪ್ರಕಾರ ಅನ್ಯಾಯ. ಮಂಜೂರಾದ ರಜೆ ಅಂದರೆ ಮಂಜೂರಾದ ರಜೆ. ಅದಕ್ಕೆ ಹಿಂಬಾಗಿಲಿನಿಂದ ದಂಡ ಹಾಕಬಾರದು.

ಇನ್ನು ಅವಧಿ. ಈ ವಾರ ನಾಲ್ಕು ದಿನ, ಮುಂದಿನ ವಾರ ಎರಡು ದಿನ ಹೋದಿರಿ ಅಂದುಕೊಳ್ಳಿ. ಸರಾಸರಿ ಮೂರೇ. ತಿಂಗಳ ಲೆಕ್ಕದಲ್ಲಿ ಸರಿ ಇದೆ, ವಾರದ ಲೆಕ್ಕದಲ್ಲಿ ಎರಡನೇ ವಾರ ತಪ್ಪಾಯಿತು. ಒಂದೇ ಟೀಮಿನ ಇಬ್ಬರು ಮ್ಯಾನೇಜರ್‌ಗಳನ್ನು ಕೇಳಿ, ಇಬ್ಬರೂ ಬೇರೆ ಬೇರೆ ಉತ್ತರ ಕೊಡುತ್ತಾರೆ. ಅವರನ್ನೂ ಪೂರ್ತಿ ದೂರುವ ಹಾಗಿಲ್ಲ. ಅವರಿಗೂ ಬಂದಿರುವುದು ಅದೇ ಮೇಲ್ ತಾನೇ?

[ಪರದೆ ಮೇಲೆ: ವರ್ಷಗಳ ಸಾಲು, 2023ರಿಂದ 2025.]

ದೊಡ್ಡ ಕಂಪನಿಗಳಲ್ಲೂ ನಿಯಮ ಒಂದು ಕಡೆ ನಿಂತಿಲ್ಲ. ಅಮೆಜಾನ್ 2023ರ ಮೇ ತಿಂಗಳಿನಿಂದ ವಾರಕ್ಕೆ ಮೂರು ದಿನ ಅಂದಿತು. 2024ರ ಸೆಪ್ಟೆಂಬರ್‌ನಲ್ಲಿ ಸಿಇಒ ಆಂಡಿ ಜಾಸ್ಸಿ ಐದು ದಿನ ಬರಬೇಕು ಎಂದು ಪ್ರಕಟಿಸಿದರು. 2025ರ ಜನವರಿ 2ರಿಂದ ಅದು ಜಾರಿಗೆ ಬಂತು. ಡೆಲ್ ಕಂಪನಿ 2024ರಲ್ಲಿ ಹೈಬ್ರಿಡ್ ಉದ್ಯೋಗಿಗಳಿಗೆ, ಅಂದರೆ ಕೆಲವು ದಿನ ಆಫೀಸು, ಕೆಲವು ದಿನ ಮನೆಯಿಂದ ಕೆಲಸ ಮಾಡುವವರಿಗೆ, ಮೂರು ತಿಂಗಳಿಗೆ 39 ದಿನ ಎಂದು ಲೆಕ್ಕ ಕೊಟ್ಟಿತು. 13 ವಾರ, ವಾರಕ್ಕೆ ಮೂರು ದಿನ. ಹಾಜರಾತಿಗೆ ತಕ್ಕಂತೆ ಬಣ್ಣದ ಗುರುತನ್ನೂ ತಂದಿತು. 2025ರಲ್ಲಿ ಅದೂ ಐದು ದಿನದ ಕಡೆಗೆ ಹೋಯಿತು.

ದುಡ್ಡಿಗೆ ಗಂಟು ಹಾಕಿದವರೂ ಇದ್ದಾರೆ. 2024ರಲ್ಲಿ ಐಟಿ ಕಂಪನಿ ಟಿಸಿಎಸ್ ಮೂರು ತಿಂಗಳಿಗೊಮ್ಮೆ ಕೊಡುವ ವೇರಿಯಬಲ್ ಪೇಯನ್ನು, ಅಂದರೆ ಸಂಬಳದಲ್ಲಿ ಹೆಚ್ಚು ಕಡಿಮೆ ಆಗುವ ಭಾಗವನ್ನು, ಹಾಜರಾತಿಗೆ ಜೋಡಿಸಿತು. ಶೇಕಡ 60ಕ್ಕಿಂತ ಕಡಿಮೆ ಇದ್ದರೆ ಆ ಹಣ ಇಲ್ಲ ಅಂದಿತು. ಪೂರ್ತಿ ಬೇಕಾದರೆ 85 ದಾಟಬೇಕಿತ್ತು. ಈ ನಿಯಮ ಇಷ್ಟವಾಗುತ್ತೋ ಇಲ್ಲವೋ ಬೇರೆ ಮಾತು. ಆದರೆ ಎಲ್ಲೇ ಆಗಲಿ, ಸಂಬಳ ಹೀಗೆ ಶೇಕಡದ ಮೇಲೆ ನಿಂತಾಗ 'ಯಾವುದರಿಂದ ಭಾಗಿಸುತ್ತೀರಿ' ಎಂಬ ಪ್ರಶ್ನೆ ನೇರವಾಗಿ ಜೇಬಿನ ಪ್ರಶ್ನೆ.

ಸ್ವೈಪ್ ವಿಷಯಕ್ಕೆ ಮತ್ತೆ ಬರ್ತೀನಿ. ಸ್ವೈಪ್ ಮಾಡಿ, ಸ್ವಲ್ಪ ಹೊತ್ತು ಮುಖ ತೋರಿಸಿ ಮನೆಗೆ ಹೋಗುವುದಕ್ಕೆ 'ಕಾಫಿ ಬ್ಯಾಜಿಂಗ್' ಅನ್ನುತ್ತಾರೆ. ಅದನ್ನು ತಡೆಯಲು ಕೆಲವು ಕಡೆ ಒಳಗಿದ್ದ ಗಂಟೆಗಳನ್ನೂ ಎಣಿಸುತ್ತಾರೆ. ಹಾಗಾದರೆ ಹೊರಗೆ ಹೋಗುವಾಗ ಸ್ವೈಪ್ ಮರೆತರೆ? ಬೆಳಿಗ್ಗೆ ಆಫೀಸು, ಮಧ್ಯಾಹ್ನ ಕ್ಲೈಂಟ್ ಹತ್ತಿರ ಹೋದರೆ? ಇಂಥ ಪ್ರಶ್ನೆಗಳು ಯಾವಾಗಲೋ ಒಮ್ಮೆ ಬರುವವಲ್ಲ, ಪ್ರತಿ ವಾರ ಬರುತ್ತವೆ. ಆದರೂ ಉತ್ತರ ಬರೆದಿಟ್ಟಿರುವುದಿಲ್ಲ.

[ಮಾತನಾಡುವವರ ಮುಖ ಹತ್ತಿರದಿಂದ.]

ಎಲ್ಲಕ್ಕಿಂತ ಜಾಸ್ತಿ ಏಟು ಕೊಡುವುದು ಬಾಯಿಮಾತಿನ ಅನುಮತಿ. 'ಪರವಾಗಿಲ್ಲ, ಶುಕ್ರವಾರ ಮನೆಯಿಂದಲೇ ಮಾಡು' ಅಂತ ಮ್ಯಾನೇಜರ್ ಹೇಳಿರುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಸಿಸ್ಟಂಗೆ ಅದು ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಆ ಮ್ಯಾನೇಜರ್ ಬೇರೆ ಟೀಮಿಗೆ ಹೋಗಿರುತ್ತಾರೆ. ಅಪ್ರೈಸಲ್ ದಿನ, ಅಂದರೆ ನಿಮ್ಮ ಕೆಲಸವನ್ನು ಅಳೆಯುವ ದಿನ, ಹೊಸ ಮ್ಯಾನೇಜರ್ ಮುಂದೆ ನೀವು, ನಡುವೆ ಒಂದು ಡ್ಯಾಶ್‌ಬೋರ್ಡ್.

ಅದಕ್ಕೇ ಕೇಳಿಕೊಳ್ಳುತ್ತೇನೆ, ಬರವಣಿಗೆಯಲ್ಲಿ ತಗೊಳ್ಳಿ. ಜಗಳದ ಮೇಲ್ ಬೇಡ. ಇಷ್ಟು ಸಾಕು:

[ಪರದೆ ಮೇಲೆ ಅಕ್ಷರಗಳು ಮೂಡಲಿ.]

'ಇವತ್ತು ನಾವು ಮಾತನಾಡಿದಂತೆ, ಶುಕ್ರವಾರಗಳಂದು ನಾನು ಮನೆಯಿಂದ ಕೆಲಸ ಮಾಡುತ್ತೇನೆ. ಇದು ಹಾಜರಾತಿ ಲೆಕ್ಕದಲ್ಲಿ ವಿನಾಯಿತಿ ಎಂದು ದಾಖಲಾಗುತ್ತದೆಯೇ? ನನ್ನ ಹಾಜರಾತಿಯನ್ನು ಲೆಕ್ಕ ಹಾಕುವಾಗ ಮಂಜೂರಾದ ರಜೆ ಮತ್ತು ಹಬ್ಬದ ರಜೆಯನ್ನು ಒಟ್ಟು ದಿನಗಳಿಂದ ಕಳೆಯುತ್ತೀರಾ? ಲೆಕ್ಕ ವಾರದ್ದೋ, ತಿಂಗಳದ್ದೋ?'

ಮ್ಯಾನೇಜರ್‌ಗೆ ಉತ್ತರ ಗೊತ್ತಿಲ್ಲದಿದ್ದರೆ ಅವರೇ ಎಚ್‌ಆರ್‌ಗೆ ಫಾರ್ವರ್ಡ್ ಮಾಡಲಿ. ಉತ್ತರ ಬಂದ ಮೇಲೆ ಸುಮ್ನೆ ಒಂದು ಫೋಲ್ಡರ್‌ನಲ್ಲಿ ಇಟ್ಟುಬಿಡಿ. ನೀವು ಹೋದ ದಿನಗಳನ್ನೂ ಬರೆದಿಡಿ. ತಾರೀಕು, ಯಾವ ಕಟ್ಟಡ, ಎಷ್ಟು ಹೊತ್ತು. ದಿನಕ್ಕೆ ಅರ್ಧ ನಿಮಿಷದ ಕೆಲಸ. ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ಅಂತ ಏನು ಬರೆದಿದೆ, ಅದನ್ನೂ ಒಮ್ಮೆ ತೆಗೆದು ಓದಿ.

ಈ ವಿಡಿಯೋ ನೋಡುತ್ತಿರುವ ಮ್ಯಾನೇಜರ್‌ಗಳಿಗೂ ಒಂದು ಮಾತು. ಮುಂದಿನ ಮೇಲ್‌ನಲ್ಲಿ ದಯವಿಟ್ಟು ಒಂದು ಉದಾಹರಣೆ ಲೆಕ್ಕ ಹಾಕಿ. ಈಗ ನಾವು ಮಾಡಿದಂತೆ, 21 ದಿನದ ಒಂದು ತಿಂಗಳು ತಗೊಂಡು. ಅರ್ಧದಷ್ಟು ಪ್ರಶ್ನೆಗಳು ನಿಮ್ಮ ಬಳಿ ಬರುವುದೇ ಇಲ್ಲ.

[ಮತ್ತೆ ಡ್ಯಾಶ್‌ಬೋರ್ಡ್.]

ನನ್ನ ಎರಡು ಕೆಂಪು ಚೌಕ ಏನಾಯಿತು ಅಂತೀರಾ? ಟ್ರೈನಿಂಗ್‌ಗೆ ಬಂದ ಆಹ್ವಾನದ ಮೇಲ್ ಇತ್ತು. ಅದನ್ನು ತೋರಿಸಿದೆ. ಹತ್ತು ದಿನದ ನಂತರ ಆ ಚೌಕ ಹಸಿರಾಯಿತು. ಬಾಗಿಲು ಹಿಡಿದು ನಿಂತ ದಿನದ್ದು ಇನ್ನೂ ಕೆಂಪಾಗಿಯೇ ಇದೆ. ಈಗ ಯಾರಾದರೂ ಬಾಗಿಲು ಹಿಡಿದರೂ ನಾನು ನಿಲ್ಲುತ್ತೇನೆ, ಮೊದಲು ಕಾರ್ಡ್ ತೆಗೆಯುತ್ತೇನೆ.