ಸೈಟು ತೋರಿಸುವವರ ಮೊದಲ ಭೇಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜಮೀನು ಮತ್ತು ನಿವೇಶನಗಳ ವ್ಯವಹಾರದಲ್ಲಿ ಮಧ್ಯವರ್ತಿಗಳಾಗಿ ದುಡಿಯುವವರು ಹೇಗೆ ಕಾಣಿಸಿಕೊಳ್ಳಬೇಕು, ಮೊದಲ ಭೇಟಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ಇಂದಿನ ಮಾತಿನ ವಿಷಯ. ಚಿಕ್ಕಬಳ್ಳಾಪುರದಲ್ಲಿ ದಸ್ತಾವೇಜು ಬರೆಯುತ್ತ ಬಹುಕಾಲ ಕಳೆದವನು ನಾನು. ಮಾರುವವರು, ಕೊಳ್ಳುವವರು ಮತ್ತು ಅವರಿಬ್ಬರನ್ನೂ ಕೂಡಿಸಿದವರು ಒಂದೇ ಬೆಂಚಿನ ಮೇಲೆ ಕೂರುವ ಜಾಗ ನಮ್ಮದು. ಈ ಮೂವರಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆಯಿದೆ, ಯಾರು ಯಾರ ಮುಖವನ್ನೂ ನೋಡದೆ ಸಹಿ ಹಾಕಿ ಎದ್ದು ಹೋಗಲು ಕಾಯುತ್ತಿದ್ದಾರೆ ಎಂಬುದು ಅಲ್ಲಿ ಕುಳಿತವನಿಗೆ ಬೇಗನೆ ತಿಳಿದುಬಿಡುತ್ತದೆ.

ಹಿಂದೆ ಈ ವಿಷಯವನ್ನು ಯಾರೂ ಮಾತಿಗೆ ಎತ್ತಿಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಹೊಲ ಮಾರಿಸುತ್ತಿದ್ದವನು ಊರಿನವನೇ ಆಗಿರುತ್ತಿದ್ದ. ಅವನು ಯಾರ ಮಗ, ಯಾರ ಅಳಿಯ, ಯಾವ ವ್ಯಾಜ್ಯದಲ್ಲಿ ಯಾರ ಪರ ನಿಂತಿದ್ದ ಎಂಬುದೆಲ್ಲ ಎರಡೂ ಕಡೆಯವರಿಗೆ ಗೊತ್ತಿದ್ದುದರಿಂದ, ಅವನು ಹರಿದ ಪಂಚೆಯಲ್ಲಿ ಬಂದರೂ ಲೆಕ್ಕ ಬದಲಾಗುತ್ತಿರಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ವಿಮಾನಗಳು ಹಾರತೊಡಗಿದವು. ಅಲ್ಲಿಂದೀಚೆಗೆ ಹೆದ್ದಾರಿಯ ಎರಡೂ ಬದಿಯ ಹೊಲ, ದ್ರಾಕ್ಷಿ ತೋಟಗಳ ನಡುವೆ ಬಡಾವಣೆಗಳ ಕಮಾನುಗಳು ಎದ್ದವು. ಇಂದು ಕೊಳ್ಳುವವರು ಬೆಂಗಳೂರಿನ ಯಾವುದೋ ಬಡಾವಣೆಯಿಂದ, ಫಲಕದ ಮೇಲಿನ ದೂರವಾಣಿ ಸಂಖ್ಯೆಯೊಂದನ್ನೇ ನೆಚ್ಚಿ ಬರುತ್ತಾರೆ. ಅವರಿಗೆ ಮಧ್ಯವರ್ತಿಯ ಮನೆತನ ಗೊತ್ತಿಲ್ಲ, ಅವನಿಗೆ ಅವರ ಉದ್ಯೋಗ ಗೊತ್ತಿಲ್ಲ. ಇಬ್ಬರು ಅಪರಿಚಿತರು ನಲವತ್ತೋ ಐವತ್ತೋ ಲಕ್ಷ ರೂಪಾಯಿಯ ಮಾತನ್ನು ರಸ್ತೆಯ ಬದಿಯಲ್ಲಿ ನಿಂತು ಆರಂಭಿಸಬೇಕಾಗಿದೆ.

ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರು ಇದನ್ನು ಕಂಡಿರುತ್ತೀರಿ. ಗೂಡಿನಿಂದ ನೂಲು ತೆಗೆಯುವ ರೀಲರ್ ಆದವನು ಪ್ರತಿಯೊಂದು ಗೂಡನ್ನೂ ಬಿಚ್ಚಿ ನೋಡಲಾರ. ಒಂದು ಹಿಡಿ ಎತ್ತಿಕೊಂಡು, ಬಣ್ಣ ನೋಡಿ, ಕಲೆ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇಡೀ ರಾಶಿಗೆ ಬೆಲೆ ಕಟ್ಟುತ್ತಾನೆ. ನಿವೇಶನ ಕೊಳ್ಳಲು ಬಂದವರೂ ಹಾಗೆಯೇ. ಭೂ ದಾಖಲೆಗಳ ಒಳಹೊರಗನ್ನು ಮೊದಲ ದಿನವೇ ಬಗೆಯಲು ಅವರಿಂದ ಆಗದು. ಆದ್ದರಿಂದ ಕಣ್ಣಿಗೆ ಬಿದ್ದಷ್ಟನ್ನೇ ಹಿಡಿದು ಉಳಿದುದನ್ನು ಊಹಿಸುತ್ತಾರೆ.

ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಗಳಿಂದಲೂ ತೋರಿಸಿದ್ದಾರೆ. ಸಾಲೊಮನ್ ಆ್ಯಶ್ ಎಂಬವರು 1946ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ವ್ಯಕ್ತಿಯ ಆರು ಗುಣಗಳ ಪಟ್ಟಿಯನ್ನು ಒಂದು ಗುಂಪಿನವರಿಗೆ ‘ಬುದ್ಧಿವಂತ, ಶ್ರಮಜೀವಿ’ ಎಂದು ಆರಂಭಿಸಿ ‘ಹಟಮಾರಿ, ಹೊಟ್ಟೆಕಿಚ್ಚಿನವ’ ಎಂದು ಮುಗಿಸುವ ಕ್ರಮದಲ್ಲಿ ಓದಿ ಹೇಳಲಾಯಿತು. ಇನ್ನೊಂದು ಗುಂಪಿನವರಿಗೆ ಅದೇ ಆರು ಗುಣಗಳನ್ನು ಕೊನೆಯಿಂದ ಮೊದಲಿಗೆ ಓದಲಾಯಿತು. ಮೊದಲ ಗುಂಪಿನವರಿಗೆ ಅವನು ಸಣ್ಣಪುಟ್ಟ ಕುಂದುಗಳಿರುವ ಸಮರ್ಥನಾಗಿ ಕಂಡನು, ಎರಡನೆಯವರಿಗೆ ಸಾಮರ್ಥ್ಯವಿದ್ದೂ ಕೆಟ್ಟುಹೋದವನಾಗಿ ಕಂಡನು. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅವರು, ಪರಿಚಯವಿಲ್ಲದ ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ನೋಡಿದವರು ಅದು ನಂಬತಕ್ಕ ಮುಖ ಹೌದೋ ಅಲ್ಲವೋ ಎಂದು ತೀರ್ಮಾನಿಸಿಬಿಡುತ್ತಾರೆ ಎಂಬುದನ್ನು ಕಂಡುಕೊಂಡರು. ಹೆಚ್ಚು ಹೊತ್ತು ನೋಡಲು ಬಿಟ್ಟಾಗ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಬಲವಾಯಿತು. ಆ ತೀರ್ಮಾನ ಸರಿಯೇ ತಪ್ಪೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಡುಪಿನ ಮಾತು. ನಮ್ಮ ಸೀಮೆಯಲ್ಲಿ ಈ ವೃತ್ತಿಗೊಂದು ವೇಷ ತಾನಾಗಿಯೇ ಬೆಳೆದುಬಂದಿದೆ. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಲ್ಲಿ ದಪ್ಪನೆಯ ಚಿನ್ನದ ಸರ, ಮುಂಗೈಗೆ ಕಡಗ, ಕಪ್ಪು ಕನ್ನಡಕ, ಎರಡು ಮೊಬೈಲು. ಇದನ್ನು ಧರಿಸಿದವರು ತಮ್ಮ ಏಳಿಗೆ ಎದುರಿನವರಿಗೆ ಭರವಸೆ ಕೊಡುತ್ತದೆಂದು ಭಾವಿಸಿರುತ್ತಾರೆ. ಆದರೆ ಸಂಬಳದಲ್ಲಿ ಉಳಿಸಿ, ಬ್ಯಾಂಕಿನ ಸಾಲ ಸೇರಿಸಿ ಮೊದಲ ಬಾರಿಗೆ ನಿವೇಶನ ಕೊಳ್ಳಲು ಬಂದ ದಂಪತಿಗೆ ಆ ಸರದಲ್ಲಿ ಕಾಣುವುದು ತಮ್ಮಂಥವರಿಂದ ಬಂದ ಕಮಿಷನ್ ಮಾತ್ರ. ಹಳ್ಳಿಯ ರೈತನಿಗೋ ಅದೇ ಬಿಳಿ ಬಟ್ಟೆಯಲ್ಲಿ ರಾಜಕೀಯ ಕಾಣುತ್ತದೆ; ಯಾರ ಕಡೆಯವನೋ ಎಂಬ ಶಂಕೆಯಿಂದ ಅವನು ಮಾತನ್ನು ಅಳೆದು ಆಡತೊಡಗುತ್ತಾನೆ. ಹಾಗೆಂದು ಸೂಟು, ಟೈ ತೊಟ್ಟು ಏಪ್ರಿಲ್ ಬಿಸಿಲಿನಲ್ಲಿ ನಂದಿ ಹೋಬಳಿಯ ಹೊಲಕ್ಕೆ ಇಳಿಯಬೇಕೆಂದು ನಾನು ಹೇಳುವುದಿಲ್ಲ. ಇಲ್ಲಿ ಉಡುಪಿನ ಮಾತೆತ್ತಿದೊಡನೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಪೇಟ, ಕೋಟುಗಳನ್ನು ನೆನೆಯುವವರಿದ್ದಾರೆ. ಮಧ್ಯವರ್ತಿಗಳು ಅವರಿಂದ ಕಲಿಯಬೇಕಾದುದು ಕೋಟಿಗಿಂತ ಮೊದಲು ಗಡಿಯಾರವನ್ನು. ತಿಳಿ ಬಣ್ಣದ, ಒಗೆದು ಇಸ್ತ್ರಿ ಮಾಡಿದ ಸಾಧಾರಣ ಅಂಗಿ, ಗಾಢ ಬಣ್ಣದ ಪ್ಯಾಂಟು, ಕತ್ತರಿಸಿದ ಉಗುರು, ಬಾಚಿದ ತಲೆ, ಗುಟ್ಕಾ ಇಲ್ಲದ ಬಾಯಿ, ಇಷ್ಟಿದ್ದರೆ ಸಾಕು. ಗುಟ್ಕಾದ ವಿಷಯವನ್ನು ಒತ್ತಿ ಹೇಳುತ್ತಿದ್ದೇನೆ; ಕೊಳ್ಳಬೇಕೆಂದಿರುವ ನೆಲದ ಮೂಲೆಯಲ್ಲಿ, ಕೊಳ್ಳುವವರ ಕಣ್ಣೆದುರೇ ಉಗಿದು ಬಂದು ಬೆಲೆ ಹೇಳುವವರನ್ನು ನೋಡಿದ್ದೇನೆ.

ಈ ವೃತ್ತಿಯವರು ಒಂದೇ ದಿನದಲ್ಲಿ ಎರಡು ಬಗೆಯ ಜನರ ಮುಂದೆ ನಿಲ್ಲಬೇಕಾಗುತ್ತದೆ, ಬೆಳಿಗ್ಗೆ ಜಗಲಿಯ ಮೇಲೆ ಕುಳಿತ ಹಿರಿಯರು, ಮಧ್ಯಾಹ್ನ ಕಾರಿನಿಂದ ಇಳಿಯುವ ಪೇಟೆಯವರು. ಹಳ್ಳಿಯ ಮನೆಯಲ್ಲಿ ಮೊದಲ ಭೇಟಿ ಹೊಸ್ತಿಲ ಆಚೆಯೇ ಆರಂಭವಾಗುತ್ತದೆ. ಲೇಸು ಬಿಗಿದ ಬೂಟನ್ನು ಬಿಚ್ಚಲು ಬೇಸರಪಟ್ಟು ಹಾಗೆಯೇ ಒಳಗೆ ಕಾಲಿಟ್ಟವನ ಮಾತು ಅಲ್ಲಿಗೆ ಮುಗಿಯಿತು. ಸುಲಭವಾಗಿ ಕಳಚುವ ಪಾದರಕ್ಷೆ ಹಾಕಿಕೊಂಡು, ಮಳೆಗಾಲದ ಕೆಮ್ಮಣ್ಣಿಗೆಂದು ಇನ್ನೊಂದು ಜೊತೆಯನ್ನು ವಾಹನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳ ಮಾತು ತೆಲುಗು. ಅಜ್ಜಿಯೊಬ್ಬರನ್ನು ಅವರ ಮನೆಮಾತಿನಲ್ಲಿ ಕ್ಷೇಮ ವಿಚಾರಿಸಿ ಅನಂತರ ಮಗನ ಜೊತೆ ವ್ಯವಹಾರ ಮಾತಾಡಿದವನಿಗೆ ಸಿಗುವ ಸಲುಗೆ ಬೇರೆ.

ರೇಷ್ಮೆ ಬೆಳೆಯುವ ಮನೆಗಳಿಗೆ ಹೋಗುವವರು ಇನ್ನೂ ಒಂದು ಸಂಗತಿಯನ್ನು ತಿಳಿದಿರಬೇಕು. ಹುಳುಗಳು ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಕಳಚುವ ಹಂತದಿಂದ, ಎದ್ದ ಮೇಲೆ, ಗೂಡು ಕಟ್ಟುವವರೆಗಿನ ಸುಮಾರು ಒಂದು ವಾರದಲ್ಲಿ, ತಮ್ಮ ಜೀವಮಾನದ ಸೊಪ್ಪಿನ ಬಹುಪಾಲನ್ನು ತಿನ್ನುತ್ತವೆ. ಆ ದಿನಗಳಲ್ಲಿ ಮನೆಯವರೆಲ್ಲ ಹಗಲಿರುಳು ಸೊಪ್ಪು ಕೊಯ್ಯುವುದರಲ್ಲಿ, ಹಾಕುವುದರಲ್ಲಿ ಮುಳುಗಿರುತ್ತಾರೆ. ಹೊರಗಿನವರು ಹುಳುಮನೆಯ ಹತ್ತಿರ ಸುಳಿಯುವುದನ್ನೂ ಯಾರೂ ಮೆಚ್ಚುವುದಿಲ್ಲ, ಏಕೆಂದರೆ ಕಾಲಿನ ದೂಳಿನೊಡನೆ ರೋಗ ಬರಬಹುದು. ಹೊಗೆಸೊಪ್ಪಿನ, ಔಷಧಿಯ ಘಾಟು ಹುಳುವಿಗೆ ಆಗದು. ಅಂಥ ವಾರದಲ್ಲಿ ಮೈತುಂಬ ಸುಗಂಧ ಸಿಂಪಡಿಸಿಕೊಂಡು, ಕೈಯಲ್ಲಿ ಸಿಗರೇಟು ಹಿಡಿದು, ‘ನಿಮ್ಮ ಎರಡು ಎಕರೆಗೆ ಪಾರ್ಟಿ ತಂದಿದ್ದೇನೆ’ ಎಂದು ಹುಳುಮನೆಯ ಬಾಗಿಲಿಗೆ ಬಂದು ನಿಂತವನನ್ನು ಆ ಮನೆಯವರು ಬೆಲೆ ಎಷ್ಟೆಂದೂ ಕೇಳದೆ ಕಳುಹಿಸಿಬಿಡುತ್ತಾರೆ. ಮುಂಚಿತವಾಗಿ ಒಂದು ಕರೆ ಮಾಡಿ ‘ಹುಳು ಯಾವ ಜ್ವರದಲ್ಲಿದೆ, ಯಾವಾಗ ಬರಲಿ?’ ಎಂದು ಕೇಳುವವರನ್ನು ಅದೇ ಮನೆಯವರು ಕಾಫಿ ಕೊಟ್ಟು ಕೂರಿಸುತ್ತಾರೆ.

ಪೇಟೆಯಿಂದ ಬರುವವರ ಲೆಕ್ಕಾಚಾರ ಬೇರೆ. ಅವರ ಪಾಲಿಗೆ ಮೊದಲ ಭೇಟಿ ಎಂಬುದು ಫಲಕದಲ್ಲಿ, ದೂರವಾಣಿಯಲ್ಲಿ, ವಾಟ್ಸ್‌ಆ್ಯಪ್‌ನ ಪುಟ್ಟ ಚಿತ್ರದಲ್ಲಿ ಆಗಲೇ ನಡೆದುಹೋಗಿರುತ್ತದೆ. ಆ ಚಿತ್ರದಲ್ಲಿ ಮುಖಂಡರೊಬ್ಬರ ಪಕ್ಕ ಕೈಮುಗಿದು ನಿಂತಿರುವುದಕ್ಕಿಂತ ತನ್ನದೇ ಮುಖ ಸ್ಪಷ್ಟವಾಗಿ ಕಾಣುವಂತಿದ್ದರೆ ಲೇಸು. ‘ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ’ ಎಂದು ಫಲಕ ಬರೆಸಿದವರು ಮರೆಯುವುದೇನೆಂದರೆ, ಕೊಳ್ಳುವವರು ಅದೇ ರಸ್ತೆಯಲ್ಲಿ, ಕೈಗಡಿಯಾರ ಕಟ್ಟಿಕೊಂಡೇ ಬರುತ್ತಾರೆ. ಹತ್ತು ಗಂಟೆಗೆಂದು ಹೇಳಿ, ಭಾನುವಾರದ ನಂದಿಬೆಟ್ಟದ ವಾಹನ ದಟ್ಟಣೆಯನ್ನು ದಾಟಿ ಬಂದ ಸಂಸಾರವನ್ನು ಹೆದ್ದಾರಿಯ ಅಂಚಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ‘ಇಲ್ಲೇ ಬಂದೆ ಸರ್’ ಎನ್ನುತ್ತಿದ್ದರೆ ಇಸ್ತ್ರಿಯ ಅಂಗಿಯಿಂದ ಪ್ರಯೋಜನವಿಲ್ಲ. ಕಾರು ದೊಡ್ಡದಿರಬೇಕಾಗಿಲ್ಲ, ಒಳಗೆ ಹೊಗೆಯ ವಾಸನೆ ಇರಬಾರದು, ಸೀಟಿನ ಮೇಲೆ ದೂಳು ಇರಬಾರದು, ನಡೆಸುತ್ತಲೇ ಇನ್ನೊಬ್ಬ ಗಿರಾಕಿಯೊಡನೆ ಬೆಲೆಯ ಜಗ್ಗಾಟ ನಡೆಯಬಾರದು. ಖಾಲಿ ಬಡಾವಣೆಗಳಲ್ಲಿ ಮರದ ನೆರಳು, ಶೌಚಾಲಯ ಎರಡೂ ಇರುವುದಿಲ್ಲ. ದಾರಿಯಲ್ಲಿ ಶುಚಿಯಾದ ಹೋಟೆಲೊಂದರ ಮುಂದೆ ತಾನಾಗಿಯೇ ನಿಲ್ಲಿಸಿ, ಮನೆಯ ಹೆಂಗಸರಿಗೆ, ವಯಸ್ಸಾದವರಿಗೆ ಮುಜುಗರವಾಗದಂತೆ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಕಡಿಮೆ. ಗಂಡನೊಡನೆ ಮಾತ್ರ ಮಾತಾಡುತ್ತ ಹೆಂಡತಿಯನ್ನು ಕಾರಿನಲ್ಲೇ ಕೂರಿಸುವ ರೂಢಿಯಂತೂ ಶುದ್ಧ ತಿಳಿಗೇಡಿತನ; ಎಷ್ಟೋ ಕ್ರಯಪತ್ರಗಳನ್ನು ನಾನು ಬರೆದಿರುವುದು ಹೆಂಡತಿಯ ಹೆಸರಿಗೇ.

ಇನ್ನು ಕಾಗದ ಪತ್ರಗಳು. ನನ್ನ ದೃಷ್ಟಿಯಲ್ಲಿ ಅವೂ ಉಡುಪಿನ ಭಾಗವೇ. ಸರ್ವೆ ನಂಬರು, ಹಿಸ್ಸಾ, ಪಹಣಿ, ಮ್ಯುಟೇಷನ್, ಭೂ ಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕಾಶೆ, ಋಣಭಾರ ಪ್ರಮಾಣಪತ್ರ, ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಇವುಗಳ ಪ್ರತಿಗಳನ್ನು ಒಂದು ಕಡತದಲ್ಲಿ ಕ್ರಮವಾಗಿ ಇಟ್ಟುಕೊಂಡು ಬಂದವರಿಗೂ, ಮೊಬೈಲಿನ ಒಡೆದ ಗಾಜಿನ ಮೇಲೆ ಬೆರಳಾಡಿಸಿ ಮಸುಕು ಚಿತ್ರವೊಂದನ್ನು ಹುಡುಕುವವರಿಗೂ ಇರುವ ಅಂತರವನ್ನು ಗಿರಾಕಿಯ ಮುಖವೇ ಹೇಳುತ್ತದೆ. ಒಂದು ಗುಂಟೆಗೆ ಎಷ್ಟು ಚದರ ಅಡಿ ಎಂದು ಕೇಳಿದರೆ 1089 ಎಂದು ತಡವರಿಸದೆ ಹೇಳಬೇಕು. ಕೇಂದ್ರದ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಎಂದರೆ ಎಲ್ಲರೂ ರೇರಾ ಎನ್ನುವ ಕಾಯ್ದೆಯ ಪ್ರಕಾರ, 500 ಚದರ ಮೀಟರ್ ಮೀರಿದ, ಎಂದರೆ ಹೆಚ್ಚುಕಡಿಮೆ ಐದು ಗುಂಟೆ ಮೀರಿದ, ಬಡಾವಣೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಅದರಲ್ಲಿನ ನಿವೇಶನ ಮಾರಿಸುವ ಮಧ್ಯವರ್ತಿಯೂ ಪ್ರತ್ಯೇಕವಾಗಿ ನೋಂದಾಯಿಸಿಕೊಂಡು, ತಾನು ನಡೆಸಿಕೊಡುವ ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಬೆಳೆಯಬಹುದು. ಇಷ್ಟಾದರೂ ವಿಸಿಟಿಂಗ್ ಕಾರ್ಡಿನಲ್ಲಿ ಚಿನ್ನದ ಬಣ್ಣದ ಅಕ್ಷರ, ಮೂರು ದೇವರ ಚಿತ್ರ ಇರುತ್ತವೆಯೇ ಹೊರತು ಆ ಸಂಖ್ಯೆಗೆ ಜಾಗವಿರುವುದಿಲ್ಲ.

ಮೋಸಗಾರರೂ ಚೆನ್ನಾಗಿಯೇ ಉಡುಪು ಧರಿಸುತ್ತಾರಲ್ಲ ಎಂದು ಕೇಳುಗರಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ನಿಜ. ಎಷ್ಟೋ ವೇಳೆ ಪ್ರಾಮಾಣಿಕರಿಗಿಂತ ಚೆನ್ನಾಗಿ ಧರಿಸುತ್ತಾರೆ. ಆದ್ದರಿಂದಲೇ ಕೊಳ್ಳುವವರು ಒಳ್ಳೆಯ ನಡೆನುಡಿಯನ್ನು ಮೆಚ್ಚಿಕೊಂಡರೂ ಪಹಣಿಯನ್ನು ‘ಭೂಮಿ’ ಜಾಲತಾಣದಲ್ಲಿ, ಋಣಭಾರವನ್ನು ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ತಾವೇ ಪರೀಕ್ಷಿಸಬೇಕು, ವಕೀಲರೊಬ್ಬರಿಗೆ ತೋರಿಸಬೇಕು. ಪ್ರಾಮಾಣಿಕ ಮಧ್ಯವರ್ತಿಯಾದರೆ ಈ ಪರೀಕ್ಷೆಯನ್ನು ತಾನೇ ಮುಂದಾಗಿ ಮಾಡಿಸುತ್ತಾನೆ. ಆ್ಯಶ್ ಅವರ ಪ್ರಯೋಗವನ್ನು ಓದಿ, ಒಳ್ಳೆಯದನ್ನು ಮೊದಲು ಹೇಳಿ ಕೊರತೆಯನ್ನು ಕೊನೆಗೆ ಹೇಳಿದರಾಯಿತು ಎಂದು ಯಾರಾದರೂ ಪಾಠ ಕಲಿತರೆ ಅದನ್ನು ನಾನು ಒಪ್ಪಲಾರೆ. ಜಮೀನಿನ ಕೊರತೆ ತಡವಾಗಿ ತಿಳಿದರೆ, ಅದುವರೆಗೆ ಹೇಳಿದ ಒಳ್ಳೆಯ ಮಾತೂ ವಂಚನೆಯಾಗಿ ಕಾಣುತ್ತದೆ. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನಾದರೆ, 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಪರಭಾರೆ ಮಾಡುವಂತಿಲ್ಲ. ಪೋಡಿ ಆಗದ, ಎಂದರೆ ಅಳತೆ ಮಾಡಿ ಬೇರ್ಪಡಿಸದ, ಹಿಸ್ಸಾ ಇರಬಹುದು, ಸಹಿ ಹಾಕಬೇಕಾದ ಅಕ್ಕತಂಗಿಯರು ಉಳಿದಿರಬಹುದು. ಇವನ್ನೆಲ್ಲ ಮೊದಲ ದಿನವೇ, ಟೋಕನ್ ಹಣದ ಮಾತು ಬರುವುದಕ್ಕೆ ಮೊದಲೇ ಬಾಯಿಬಿಟ್ಟು ಹೇಳಿದ ಮಧ್ಯವರ್ತಿ ಆ ವ್ಯವಹಾರವನ್ನು ಕಳೆದುಕೊಳ್ಳಬಹುದು. ಆದರೆ ಅದೇ ಗಿರಾಕಿ ಮತ್ತೊಂದು ನಿವೇಶನಕ್ಕಾಗಿ ಅವನನ್ನೇ ಹುಡುಕಿಕೊಂಡು ಬಂದುದನ್ನು ನಾನು ಕಂಡಿದ್ದೇನೆ.

ಕಡೆಯದಾಗಿ ಕಮಿಷನ್. ಸಾಮಾನ್ಯವಾಗಿ ಶೇಕಡಾ 1ರಿಂದ 2ರವರೆಗೆ ಕೇಳುವ ವಾಡಿಕೆಯಿದೆ; ಕೆಲವರು ಒಂದು ಕಡೆಯಿಂದ ತೆಗೆದುಕೊಳ್ಳುತ್ತಾರೆ, ಕೆಲವರು ಎರಡೂ ಕಡೆಯಿಂದ. ಎಷ್ಟಾದರೂ ಸರಿ, ಅದನ್ನು ಮೊದಲ ಭೇಟಿಯಲ್ಲೇ ಹೇಳಿ, ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ರೈತನಿಗೆ ಒಂದು ಬೆಲೆ, ಕೊಳ್ಳುವವರಿಗೆ ಇನ್ನೊಂದು ಬೆಲೆ ಹೇಳಿ ನಡುವಿನದನ್ನು ಜೇಬಿಗಿಳಿಸಬಹುದೆಂದು ಎಣಿಸಿದವರು, ಕ್ರಯಪತ್ರ ಬರೆಯುವ ದಿನ ನಮ್ಮಂಥವರ ಮೇಜಿನ ಮುಂದೆ ಆ ಇಬ್ಬರೂ ಅಕ್ಕಪಕ್ಕದಲ್ಲೇ ಕೂರುತ್ತಾರೆ ಎಂಬುದನ್ನು, ನಾನು ಮೊಬಲಗನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಅನೇಕ ಬಾರಿ ನೆನಪಿಸಿಕೊಳ್ಳುತ್ತಾರೆ.

ನಮಸ್ಕಾರ.