ಕೊನೆಯ ತಾರೀಕು ಯಾವುದು?

ಎಲ್ಲರಿಗೂ ನಮಸ್ಕಾರ. ನಿಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆಯುವಾಗಲೇ ಹೇಳಿದ್ದರು, ‘ಅರ್ಧ ಗಂಟೆ ಸಾಕು ಡಾಕ್ಟ್ರೇ, ಆಮೇಲೆ ಉಪ್ಪಿಟ್ಟು ತಣ್ಣಗಾಗುತ್ತೆ’ ಅಂತ. ಹಾಗಾಗಿ ನೇರ ವಿಷಯಕ್ಕೆ, ಅಂದರೆ ನಮ್ಮ ವಯಸ್ಸಿನವರಿಗೆ ಕೋವಿಡ್ ಲಸಿಕೆ ಮತ್ತೆ ಬೇಕಾ ಅನ್ನುವುದಕ್ಕೆ, ಬರುತ್ತೇನೆ. ಬರುತ್ತೇನೆ ಅಂದೆ, ಆದರೆ ಮೊದಲು ಬ್ಯಾಂಕಿಗೆ ಹೋಗಿ ಬರೋಣ.

ಇದು 2025ರ ನವೆಂಬರ್. ಇಲ್ಲಿರುವ ಮುಕ್ಕಾಲು ಪಾಲು ಜನ ಈ ತಿಂಗಳು ಪಿಂಚಣಿಗೆ ಬೇಕಾದ ಲೈಫ್ ಸರ್ಟಿಫಿಕೇಟ್ ಕೊಟ್ಟಿದ್ದೀರಿ, ಇಲ್ಲವೇ ಕೊಡಬೇಕು. ನಾನು ಸೋಮವಾರ ಹೋಗಿದ್ದೆ. ನನಗೆ ಈಗ 73. ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟೆ, ಬರಲಿಲ್ಲ. ಕೈ ಒರೆಸಿ ಇಟ್ಟೆ, ಬರಲಿಲ್ಲ. ಕೌಂಟರಿನ ಹುಡುಗಿ ‘ಇನ್ನೊಂದು ಸಲ ಗಟ್ಟಿಯಾಗಿ ಒತ್ತಿ ಸರ್’ ಅಂದಳು. ‘ಹೋದ ವರ್ಷ ಬದುಕಿದ್ದೆನಲ್ಲಮ್ಮ, ಅದು ಸಾಲದಾ?’ ಅಂದೆ. ಅವಳು ನಗಲಿಲ್ಲ. ನಾಲ್ಕನೇ ಸಲಕ್ಕೆ ನಾನು ಬದುಕಿದ್ದೇನೆ ಅಂತ ಮೆಷಿನ್ ಒಪ್ಪಿಕೊಂಡಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಕೋವಿಡ್ ಲಸಿಕೆಯ ವಿಷಯದಲ್ಲಿ ನಾವು ಹೋದ ವರ್ಷದ ಸರ್ಟಿಫಿಕೇಟ್ ಹಿಡಿದುಕೊಂಡು ಕೂತಿದ್ದೇವೆ. ಹೋದ ವರ್ಷದ್ದೂ ಅಲ್ಲ, ಮೂರು ವರ್ಷದ ಹಿಂದಿನದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವಾಗ ನನಗೆ ಎರಡು ತರದ ಜನ ಸಿಗುತ್ತಾರೆ. ಒಬ್ಬರು ‘ಮೂರು ಹಾಕಿಸಿಕೊಂಡಾಯ್ತು ಡಾಕ್ಟ್ರೇ, ಜನ್ಮಕ್ಕೆ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ‘ಅದನ್ನ ಹಾಕಿಸಿಕೊಂಡದ್ದೇ ತಪ್ಪಾಯ್ತು, ಈಗ ಎದೆ ಚುಳುಕ್ ಅಂದ್ರೂ ಭಯ’ ಅನ್ನುತ್ತಾರೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಜಗಳವಾಡುತ್ತಾರೆ. ಆದರೆ ಇಬ್ಬರ ನಂಬಿಕೆಯೂ ಒಂದೇ, ಗಮನಿಸಿ. 2021ರಲ್ಲಿ ತೋಳಿಗೆ ಹೋದದ್ದು ಇವತ್ತಿಗೂ ಮೈಯಲ್ಲಿ ಕೂತು ಏನೋ ಮಾಡುತ್ತಿದೆ ಅಂತ. ಒಬ್ಬರಿಗೆ ಅದು ಎಫ್‌ಡಿ, ಇನ್ನೊಬ್ಬರಿಗೆ ಬಾಂಬು. ನಾನು ಇಬ್ಬರನ್ನೂ ಕೇಳುವುದು ಒಂದೇ: ಕೊನೆಯ ತಾರೀಕು ಯಾವುದು?

ನಿಮಗೆಲ್ಲ ಗೊತ್ತಿರುವ ಕಥೆಯನ್ನು ನಾನು ಮತ್ತೆ ಹೇಳುವುದಿಲ್ಲ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲಿ ಆಯಿತು, 2020ರ ಮಾರ್ಚ್‌ನಲ್ಲಿ. ತೀರಿಕೊಂಡವರಿಗೆ 76 ವರ್ಷ. ನಮ್ಮ ವಯಸ್ಸಿನವರೇ. 2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು, ಮಾರ್ಚ್ 1ರಿಂದ 60 ದಾಟಿದವರಿಗೆ. ಆಗ ನಾವು ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲು ಮೊಮ್ಮಕ್ಕಳ ಕೈಕಾಲು ಹಿಡಿದಿದ್ದೆವು. ಮರುವರ್ಷ ಬೂಸ್ಟರ್ ಬಂತು. ಸರ್ಕಾರ ಅದನ್ನು ‘ಮುನ್ನೆಚ್ಚರಿಕೆ ಡೋಸ್’ ಅಂತ ಕರೆಯಿತು. 2022ರ ಜುಲೈ 15ರಿಂದ 75 ದಿನ ಎಲ್ಲ ವಯಸ್ಕರಿಗೂ ಪುಕ್ಕಟೆ ಹಾಕಿದರು. ಹೆಚ್ಚಿನವರ ಕೊನೆಯ ತಾರೀಕು ಅಲ್ಲಿಗೇ ನಿಂತಿದೆ. ಕೈ ಎತ್ತಿ ನೋಡೋಣ, ಎಷ್ಟು ಜನಕ್ಕೆ ತಾರೀಕು ನೆನಪಿದೆ? ...ಮೂವರು. ಸರಿ.

ನನ್ನ ಅಕ್ಕನ ಕಥೆ ಹೇಳುತ್ತೇನೆ. ನನ್ನ ಹೆಂಡತಿ ಇಲ್ಲೇ ಇದ್ದಾಳೆ, ಅವಳಿಗೆ ಇದು ಕೇಳಿ ಕೇಳಿ ಬೇಜಾರಾಗಿದೆ, ಆದರೂ ಹೇಳುತ್ತೇನೆ.

ಹೋದ ವರ್ಷ, 2024ರಲ್ಲಿ, ಅಕ್ಕ ಭಾವ ನ್ಯೂಜೆರ್ಸಿಯ ಮಗನ ಮನೆಗೆ ಹೋಗಿದ್ದರು. ಅಕ್ಕನಿಗೆ ಆಗ 79. ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ಆಸ್ಪಿರಿನ್ ಮಾತ್ರೆ. ಭಾವನಿಗೆ 84. ಅಕ್ಟೋಬರಿನ ಒಂದು ರಾತ್ರಿ ಹನ್ನೊಂದೂವರೆಗೆ ನನಗೆ ಫೋನು. ಅಲ್ಲಿ ಮಧ್ಯಾಹ್ನ. ಅಕ್ಕ ಔಷಧಿ ಅಂಗಡಿಯ ಮುಂದೆ ಕಾರಿನಲ್ಲಿ ಕೂತಿದ್ದಾಳೆ. ‘ಲೋ, ಇವನು ನಮ್ಮಿಬ್ಬರಿಗೂ ಅಪಾಯಿಂಟ್‌ಮೆಂಟ್ ಮಾಡಿಬಿಟ್ಟಿದ್ದಾನೆ ಕಣೋ. ಒಂದು ತೋಳಿಗೆ ಫ್ಲೂ ಅಂತೆ, ಇನ್ನೊಂದಕ್ಕೆ ಕೋವಿಡ್ ಅಂತೆ. ಹಾಕಿಸ್ಕೊಳ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳು’ ಅಂದಳು.

ನಾನು ‘ನಿನ್ನ ಕೊನೆಯ ತಾರೀಕು ಯಾವುದು ಅಕ್ಕ?’ ಅಂದೆ.

‘ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ.’

‘ಯಾವ ವರ್ಷದ ಹಬ್ಬ?’

‘ಹೋಳಿಗೆ ಅಂಗಡಿಯಿಂದ ತಂದ್ವಲ್ಲ, ಆ ವರ್ಷ. ಕೈ ಎತ್ತಕ್ಕೇ ಆಗ್ತಿರಲಿಲ್ಲ ನನಗೆ, ಹೂರಣ ತಟ್ಟೋದೆಲ್ಲಿ?’

ಹೆಂಗಸರ ನೆನಪಿನಲ್ಲಿ ಕ್ಯಾಲೆಂಡರ್ ಹೀಗೇ ಇರುವುದು, ಮತ್ತು ಅದು ತಪ್ಪುವುದಿಲ್ಲ. ಮಗ ಮೊಬೈಲಿನಲ್ಲಿ ಹುಡುಕಿದ. 2022ರ ಆಗಸ್ಟ್. ಅಂದರೆ ಎರಡು ವರ್ಷ ಎರಡು ತಿಂಗಳು. ಈ ಮಧ್ಯೆ ಅವಳಿಗೆ ಗೊತ್ತಿದ್ದ ಹಾಗೆ ಕೋವಿಡ್ ಬಂದಿಲ್ಲ. ‘ಹಾಗಾದರೆ ಹಾಕಿಸ್ಕೋ’ ಅಂದೆ.

ಅಲ್ಲಿಗೆ ಮುಗಿಯಲಿಲ್ಲ. ‘ನನಗೆ ಹಾಕಿದ್ದು ಕೋವಿಶೀಲ್ಡು. ಇವರದು ಬೇರೆ ಅಂತೆ. ಒಂದರ ಮೇಲೊಂದು ಹಾಕಿದ್ರೆ ಒಳಗೆ ಜಗಳ ಆಡಲ್ವಾ?’ ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನ ಮೊದಲ ಎರಡು ಆಸ್ಟ್ರಾಜೆನೆಕಾ, ಅಂದರೆ ನಮ್ಮ ಕೋವಿಶೀಲ್ಡೇ, ಹಾಕಿಸಿಕೊಂಡು ಮೂರನೆಯದು ಫೈಜರ್ ಹಾಕಿಸಿಕೊಂಡರು. ಜಗಳವಾಡಲಿಲ್ಲ. ಅದನ್ನು ಹೇಳಿದೆ. ಆಮೇಲೆ ದುಡ್ಡಿನ ಪ್ರಶ್ನೆ. ಅವಳ ಟ್ರಾವೆಲ್ ಇನ್ಶೂರೆನ್ಸು ಇದಕ್ಕೆ ಬರುವುದಿಲ್ಲ. 200 ಡಾಲರ್ ಹತ್ತಿರ. ಅಕ್ಕ ಅಲ್ಲೇ ಡಾಲರಿಗೆ 84 ರೂಪಾಯಿಯಂತೆ ಗುಣಿಸಿದಳು. ‘ಅಯ್ಯೋ, ಎರಡು ಗ್ರಾಂ ಚಿನ್ನ ಬರುತ್ತಲ್ಲೋ!’

ಕೊನೆಗೆ ಅವಳು ಒಂದು ಪ್ರಶ್ನೆ ಕೇಳಿದಳು, ನನ್ನನ್ನಲ್ಲ, ಮಗನನ್ನು. ಫೋನಿನಲ್ಲಿ ನನಗೂ ಕೇಳಿಸಿತು. ‘ಇದು ನನ್ನ ಆರೋಗ್ಯಕ್ಕೋ, ನಿನ್ನ ಸಮಾಧಾನಕ್ಕೋ?’ ಅವನು ಸುಮ್ಮನಿದ್ದ. ಆಮೇಲೆ ‘ಎರಡಕ್ಕೂ ಅಮ್ಮ’ ಅಂದ. ಅವಳು ಸೆರಗು ಸರಿಮಾಡಿಕೊಂಡು ಇಳಿದು ಹೋಗಿ ಹಾಕಿಸಿಕೊಂಡಳು. ಆಸ್ಪಿರಿನ್ ತಗೊಳ್ಳುವುದರಿಂದ ಹತ್ತಿ ಒತ್ತಿ ಹಿಡಿದುಕೋ, ಉಜ್ಜಬೇಡ ಅಂತ ಹೇಳಿದ್ದೆ. ಒತ್ತಿಕೊಂಡೇ ಮನೆಗೆ ಬಂದಳಂತೆ. ಎರಡು ದಿನ ಕೈ ನೋವು, ಒಂದು ರಾತ್ರಿ ಮೈ ಬೆಚ್ಚಗೆ. ಅಷ್ಟೇ.

ಭಾವ ಹಾಕಿಸಿಕೊಳ್ಳಲಿಲ್ಲ. ಹಾಗೆ ಹೇಳಿದವನೂ ನಾನೇ. ಅವರಿಗೆ ಸೆಪ್ಟೆಂಬರಿನಲ್ಲಿ, ಮೊಮ್ಮಗ ಸ್ಕೂಲಿನಿಂದ ತಂದ ಕೋವಿಡ್ ಬಂದು ಹೋಗಿತ್ತು. ಬಂದು ಹೋದ ಮೇಲೆ ಒಂದು ಮೂರು ತಿಂಗಳು ಕಾಯಬಹುದು ಅಂತ ಅಲ್ಲಿನ ಸರ್ಕಾರದ ರೋಗ ತಡೆ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ಅವರ ಕೊನೆಯ ತಾರೀಕು ಲಸಿಕೆಯದಲ್ಲ, ಕಾಯಿಲೆಯದು. ಅಳಿಯನಿಗೆ ನನ್ನ ಮೇಲೆ ಸಿಟ್ಟು ಬಂತು. ‘ಏನ್ ಮಾಮ, ಒಂದೇ ಮನೆಯಲ್ಲಿ ಅಮ್ಮನಿಗೆ ಒಂದು ಹೇಳ್ತೀರಿ, ಅಪ್ಪನಿಗೆ ಒಂದು ಹೇಳ್ತೀರಿ’ ಅಂದ. ಹೌದಪ್ಪ. ಅವರಿಬ್ಬರಿಗೆ ಒಂದೇ ನಂಬರಿನ ಕನ್ನಡಕ ಹಾಕುತ್ತೀಯಾ?

ಈಗ ಒಂದು ಚೂರು ಒಳಗಿನ ವಿಷಯ. ಎದೆ ಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರೋಗದ ವಿರುದ್ಧ ಹೋರಾಡುವ ಟಿ ಕಣಗಳು ಬಲಿಯುವುದು ಅಲ್ಲೇ. ಮಕ್ಕಳಲ್ಲಿ ದಪ್ಪಗೆ ಇರುತ್ತದೆ. ನಮ್ಮ ವಯಸ್ಸಿಗೆ ಬಹುಪಾಲು ಬರೀ ಕೊಬ್ಬು. ಹಾಗಾಗಿ ಮೊಮ್ಮಗನಿಗೆ ಎರಡು ದಿನದ ನೆಗಡಿ ಆಗಿ ಹೋಗುವುದು ತಾತನನ್ನು ಆಸ್ಪತ್ರೆಗೆ ಸೇರಿಸುತ್ತದೆ. ಲಸಿಕೆ ಹಾಕಿದಾಗ ಏರುವ ಆಂಟಿಬಾಡಿ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನು, ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ವೈರಸ್ಸಿನ ಗುರುತು ಇಟ್ಟುಕೊಳ್ಳುವ ನೆನಪಿನ ಕಣಗಳು ಜಾಸ್ತಿ ದಿನ ಇರುತ್ತವೆ, ಹಾಗಾಗಿ 2022ರ ಡೋಸು ಪೂರ್ತಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಆದರೆ ವೈರಸ್ಸೂ ಸುಮ್ಮನೆ ಕೂತಿಲ್ಲ. ನಮಗೆ ಹಾಕಿದ್ದು 2020ರ ಮೂಲ ವೈರಸ್ಸಿನ ಮುಖ ನೋಡಿ ಮಾಡಿದ ಲಸಿಕೆ. ಆಮೇಲೆ ಓಮಿಕ್ರಾನ್ ಬಂತು, 2023ರ ಕೊನೆಗೆ ಜೆಎನ್.1 ಬಂತು, ಈ ಬೇಸಿಗೆಯಲ್ಲಿ ಎನ್‌ಬಿ.1.8.1, ಎಲ್‌ಎಫ್.7 ಅಂತ ಬಂದವು. ಹೆಸರುಗಳು ಬಸ್ಸಿನ ನಂಬರಿನ ಹಾಗಿವೆ, ನೆನಪಿಟ್ಟುಕೊಳ್ಳಬೇಡಿ.

ಇನ್ನು ಎದೆ ಚುಳುಕ್ ಅನ್ನುವವರ ಮಾತು. ಇದನ್ನು ನಕ್ಕು ತಳ್ಳಿಹಾಕುವುದು ತಪ್ಪು. ಹಾಸನದಲ್ಲಿ ಈ ವರ್ಷ ಜೂನ್ ತಿಂಗಳಲ್ಲಿ ಹರೆಯದವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ದಿನಾ ಬರುತ್ತಿತ್ತು. ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಅನುಮಾನ ಎತ್ತಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ನೋಡಿತು, ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಅದಕ್ಕೆ ಮೊದಲು, 2023ರಲ್ಲೇ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 47 ಆಸ್ಪತ್ರೆಗಳಿಂದ ಲೆಕ್ಕ ತೆಗೆದಿತ್ತು. 18ರಿಂದ 45 ವರ್ಷದವರ ಹಠಾತ್ ಸಾವುಗಳು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಮನೆತನದಲ್ಲಿ ಹಾಗೆ ಸತ್ತವರಿದ್ದದ್ದು, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾಯುವ ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದದ್ದು, ಇವುಗಳಿಂದ ಹೆಚ್ಚಿತ್ತು.

ಹಾಗಂತ ಕೋವಿಶೀಲ್ಡಿನಿಂದ ಏನೂ ಆಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಇತ್ತು. ಬ್ರಿಟನ್ನಿನ ಲೆಕ್ಕದಲ್ಲಿ 50 ದಾಟಿದವರಲ್ಲಿ ಮೊದಲ ಡೋಸಿಗೆ ಲಕ್ಷಕ್ಕೆ ಒಬ್ಬರ ಆಸುಪಾಸು. ಕೆಲವರು ಸತ್ತರು. ಅವರ ಮನೆಯವರಿಗೆ ‘ತುಂಬಾ ಅಪರೂಪ’ ಅನ್ನುವ ಮಾತಿನಿಂದ ಏನೂ ಸಮಾಧಾನ ಇಲ್ಲ. ಆದರೆ ಆ ತೊಂದರೆ ಬಂದದ್ದು ಡೋಸ್ ಆದ ನಾಲ್ಕನೇ ದಿನದಿಂದ ಸುಮಾರು ಆರು ವಾರದೊಳಗೆ. ನಿಮ್ಮ ಕೊನೆಯ ತಾರೀಕು ಯಾವುದು? 2022? ಹಾಗಾದರೆ ಆ ಭಯಕ್ಕೂ ತಾರೀಕು ಮುಗಿದಿದೆ. ಈಗ ಎದೆ ಚುಳುಕ್ ಅಂದರೆ ಇಸಿಜಿ ಮಾಡಿಸಿ, ಲಸಿಕೆಯನ್ನು ಬೈಯುತ್ತಾ ಕೂರಬೇಡಿ. ಹಾಗೆ ಬೈಯುತ್ತಾ ಕೂತು ಇಸಿಜಿ ತಡಮಾಡಿದವರನ್ನು ನಾನು ನೋಡಿದ್ದೇನೆ.

ಹಾಕಿಸಿಕೊಂಡರೆ ಎಷ್ಟು ಲಾಭ? ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳ ಲೆಕ್ಕ ಕಳೆದ ತಿಂಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹೆಚ್ಚಿನವರು ನಮ್ಮ ವಯಸ್ಸಿನ ಗಂಡಸರು. ಫ್ಲೂ ಲಸಿಕೆ ಮಾತ್ರ ಹಾಕಿಸಿಕೊಂಡವರು ಒಂದು ಕಡೆ, ಫ್ಲೂ ಜೊತೆ ಹೊಸ ಕೋವಿಡ್ ಲಸಿಕೆಯನ್ನೂ ಹಾಕಿಸಿಕೊಂಡವರು ಇನ್ನೊಂದು ಕಡೆ. ಆರು ತಿಂಗಳಲ್ಲಿ ಎರಡನೇ ಗುಂಪಿನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರುವುದು ಶೇಕಡ 39ರಷ್ಟು, ಸಾವು ಶೇಕಡ 64ರಷ್ಟು ಕಡಿಮೆ. ಭಾರೀ ಲಾಭ ಅನಿಸುತ್ತೆ ಅಲ್ವಾ? ತಾಳಿ. ತಲೆ ಲೆಕ್ಕದಲ್ಲಿ ನೋಡಿದರೆ ಹತ್ತು ಸಾವಿರ ಜನಕ್ಕೆ ತಪ್ಪಿದ ಸಾವು ಎರಡು. ಲಸಿಕೆ ಮಾರುವವನು 64 ಅನ್ನುತ್ತಾನೆ, ಬೇಡ ಅನ್ನುವವನು ಎರಡೇ ಅನ್ನುತ್ತಾನೆ. ಇಬ್ಬರೂ ಓದಿರುವುದು ಅದೇ ಕಾಗದ. ಈಗ ನಮ್ಮೆಲ್ಲರ ಮೈಯಲ್ಲೂ ಹಳೆ ಲಸಿಕೆ, ಹಳೆ ಕಾಯಿಲೆ ಎರಡರ ನೆನಪೂ ಇರುವುದರಿಂದ ಅಪಾಯವೇ ಕಡಿಮೆಯಾಗಿದೆ, ಲಾಭವೂ ಅಷ್ಟಕ್ಕೇ. ಆದರೆ 85 ದಾಟಿದ್ದರೆ, ಡಯಾಲಿಸಿಸ್ ಇದ್ದರೆ, ಇಲ್ಲವೇ ಕ್ಯಾನ್ಸರಿಗೆ ಔಷಧಿ ತಗೊಳ್ಳುತ್ತಿದ್ದರೆ ಆ ಎರಡು ಎರಡಾಗಿ ಉಳಿಯುವುದಿಲ್ಲ, ಹೆಚ್ಚುತ್ತದೆ.

ಅದಕ್ಕೇ ಒಂದೊಂದು ದೇಶ ಒಂದೊಂದು ಕಡೆ ಗೆರೆ ಎಳೆದಿದೆ. ಜರ್ಮನಿಯಲ್ಲಿ 60 ದಾಟಿದವರಿಗೆ ವರ್ಷಕ್ಕೊಂದು. ಬ್ರಿಟನ್ನಿನಲ್ಲಿ ಹೋದ ವರ್ಷದ ಚಳಿಗಾಲಕ್ಕೆ 65 ಇತ್ತು, ಈ ವರ್ಷ 75ಕ್ಕೆ ಏರಿಸಿದ್ದಾರೆ. ಲಸಿಕೆ ಅಪಾಯ ಅಂತ ಏರಿಸಿದ್ದಲ್ಲ, ಖರ್ಚಿಗೆ ತಕ್ಕ ಲಾಭ ಆ ವಯಸ್ಸಿನಿಂದ ಮೇಲೇ ಅಂತ. ಅಮೆರಿಕದಲ್ಲಿ ಈ ವರ್ಷ ‘ನಿಮ್ಮ ಡಾಕ್ಟರ ಜೊತೆ ಮಾತಾಡಿ ನೀವೇ ತೀರ್ಮಾನಿಸಿ’ ಅಂತಿದ್ದಾರೆ. ಅಲ್ಲಿನ ರಾಜಕೀಯ ಬೇರೆ, ಅದರ ಬಗ್ಗೆ ಮಾತಾಡಿದರೆ ಉಪ್ಪಿಟ್ಟಲ್ಲ, ರಾತ್ರಿ ಊಟವೂ ತಣ್ಣಗಾಗುತ್ತದೆ.

ನಮ್ಮಲ್ಲಿ? ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಬೇಗ ಹೇಳುತ್ತೇನೆ. ನಮ್ಮಲ್ಲಿ ನಾಲ್ಕನೇ ಡೋಸಿಗೆ ಸರ್ಕಾರದ ಕಾರ್ಯಕ್ರಮ ಇಲ್ಲ. ಪುಣೆಯಲ್ಲಿ ಓಮಿಕ್ರಾನಿಗೆ ಅಂತಲೇ ಒಂದು ಲಸಿಕೆ ಮಾಡಿದರು, 2023ರಲ್ಲಿ ಬಿಡುಗಡೆಯೂ ಆಯಿತು. ಔಷಧಿ ಅಂಗಡಿಗೆ ಹೋಗಿ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾರೆ. ಹಾಗಾಗಿ ಮಕ್ಕಳ ಮನೆಗೆ ವಿದೇಶಕ್ಕೆ ಹೋಗುವವರಿಗೆ ಈ ಪ್ರಶ್ನೆ ನಿಜವಾಗಿ ಎದುರಾಗುತ್ತದೆ. ಉಳಿದವರಿಗೆ ಇವತ್ತು ಕೈಗೆ ಸಿಗುವುದು ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ, ಸರ್ಪಸುತ್ತಿನ ಲಸಿಕೆ. ಫ್ಲೂ ವರ್ಷಕ್ಕೊಂದು. ಸರ್ಪಸುತ್ತಿನದು ಎರಡು ಡೋಸು, ದುಬಾರಿ. ಇವುಗಳ ಬಗ್ಗೆ ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ, ಅದು ಜೇಬಿನಲ್ಲೇ ಇರಲಿ. ಇನ್ನೊಂದು: ಡೋಸಿಗೆ ತೀವ್ರ ಅಲರ್ಜಿ ಆಗಿದ್ದವರು ಸುಮ್ನೆ ಧೈರ್ಯ ಮಾಡಬೇಡಿ, ಡಾಕ್ಟರಿಗೆ ಹೇಳಿ.

ಹಾಂ, ಆ ಕಡೆಯಿಂದ ಯಾರೋ ಕೇಳುತ್ತಿದ್ದಾರೆ, ‘ನೀವು ಹಾಕಿಸ್ಕೊಂಡ್ರಾ?’ ಕೇಳಲೇಬೇಕಾದ ಪ್ರಶ್ನೆ. ನನ್ನ ಲಸಿಕೆಯ ತಾರೀಕು 2022ರ ಜನವರಿ, ಕ್ಲಿನಿಕ್ ನಡೆಸುವವನು ಅಂತ ಬೇಗ ಸಿಕ್ಕಿತು. ಆದರೆ ಈ ಜೂನ್‌ನಲ್ಲಿ ನನಗೆ ಕೋವಿಡ್ ಬಂತು. ಐದು ದಿನ ಜ್ವರ, ಹದಿನೈದು ದಿನ ಸುಸ್ತು, ಹೆಂಡತಿ ಬಾಗಿಲ ಹತ್ತಿರ ಗಂಜಿ ಇಟ್ಟು ಓಡುತ್ತಿದ್ದಳು. ಹಾಗಾಗಿ ಸದ್ಯಕ್ಕೆ ಬೇಡ. ಮುಂದಿನ ವರ್ಷ ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋಗುತ್ತೇವೆ, ಅಲ್ಲಿ ಸಿಕ್ಕರೆ ಹಾಕಿಸಿಕೊಳ್ಳುತ್ತೇನೆ. ನನ್ನ ಹೆಂಡತಿ ಹಾಕಿಸಿಕೊಳ್ಳುವುದಿಲ್ಲವಂತೆ. ಯಾಕೆ ಅಂತ ನನಗೂ ಇನ್ನೂ ಹೇಳಿಲ್ಲ.

ಮೊದಲ ಸಾಲಿನಲ್ಲಿ ನೀಲಿ ಸ್ವೆಟರ್ ಹಾಕಿರುವ ಯಜಮಾನರು ಆಗಿನಿಂದ ಮೊಬೈಲಿನಲ್ಲಿ ಸರ್ಟಿಫಿಕೇಟ್ ಹುಡುಕುತ್ತಿದ್ದಾರೆ. ಸಿಕ್ತಾ ಸರ್? ಎಷ್ಟಿದೆ? 2022 ಸೆಪ್ಟೆಂಬರ್. ಆಮೇಲೆ ಕೋವಿಡ್ ಬಂದಿತ್ತಾ? ಗೊತ್ತಿಲ್ಲ. ವಯಸ್ಸು? 81. ಸಕ್ಕರೆ ಇದೆ. ಮಗ ಎಲ್ಲಿದ್ದಾನೆ? ಟೆಕ್ಸಾಸ್. ಸರಿ, ಕಾಫಿ ಲೋಟ ಹಿಡಕೊಂಡು ನನ್ನ ಪಕ್ಕ ಬಂದು ಕೂತ್ಕೊಳ್ಳಿ.