ಸಿಗ್ನಲ್ ಕಡ್ಡಿ ಇದೆ, ನೆಟ್ ಇಲ್ಲ

ಎಲ್ಲರಿಗೂ ನಮಸ್ಕಾರ.

ಆ್ಯಪ್ ಪರೀಕ್ಷೆ ಮಾಡೋದಕ್ಕೆ ನಮ್ಮ ಶಿರಸಿಯಂಥ ಊರು ಬೇರೆ ಇಲ್ಲ ಅಂತ ನಾನು ಯಾವಾಗಲೂ ಹೇಳುತ್ತೇನೆ. ಕುಮಟಾ ಬಸ್ಸು ಹತ್ತಿ, ಸಿಗ್ನಲ್ ಬಂದು ಹೋಗುವ ದೇವಿಮನೆ ಘಟ್ಟ ಇಳಿಯುವಾಗ ನಿಮ್ಮ ಆ್ಯಪ್ ತೆರೆದಿಟ್ಟುಕೊಳ್ಳಿ. ಅಲ್ಲಿಂದ ಕಾರವಾರಕ್ಕೆ ಕೊಂಕಣ ರೈಲು ಹಿಡಿದರೆ ಸುರಂಗಗಳೂ ಸಿಗುತ್ತವೆ. ಆಫೀಸಿನ ವೈಫೈನಲ್ಲಿ ಕಾಣದ ಹುಳುಕೆಲ್ಲ ಇಲ್ಲಿ ಹೊರಗೆ ಬರುತ್ತದೆ.

ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಏರೋಪ್ಲೇನ್ ಮೋಡ್ ಹಾಕುತ್ತೇವೆ. 'ಇಂಟರ್ನೆಟ್ ಇಲ್ಲ' ಅಂತ ತೋರಿಸಿದರೆ ಪಾಸ್ ಅಂತ ಬರೆದು ಮುಂದೆ ಹೋಗುತ್ತೇವೆ. ಅದು ತೀರಾ ಸುಲಭದ ಪರೀಕ್ಷೆ. ನೆಟ್ ಇಲ್ಲ ಅನ್ನೋದು ಫೋನಿಗೇ ಗೊತ್ತಿರುತ್ತದೆ, ಅಲ್ವಾ? ತೊಂದರೆ ಇರುವುದು ಅರ್ಧಂಬರ್ಧ ನೆಟ್‌ನಲ್ಲಿ. ಮಳೆಗೆ ಮರ ಬಿದ್ದು ಕರೆಂಟೂ ನೆಟ್ ಲೈನೂ ಹೋಗಿದೆ, ಮನೆಯ ರೂಟರ್ ಮಾತ್ರ ಇನ್ವರ್ಟರ್ ಮೇಲೆ ಉರಿಯುತ್ತಿದೆ. ಫೋನು ವೈಫೈಗೆ ಸೇರಿಕೊಂಡೇ ಇದೆ, ಡೇಟಾ ಒಂದಿಷ್ಟೂ ಹೋಗುತ್ತಿಲ್ಲ. 'ನೆಟ್‌ವರ್ಕ್ ಇದೆಯಾ' ಅಂತಷ್ಟೇ ಕೇಳುವ ಕೋಡ್ ಇಲ್ಲಿ 'ಇದೆ' ಅಂದುಬಿಡುತ್ತದೆ. ಆಂಡ್ರಾಯ್ಡ್ ಒಂದು ಸಣ್ಣ ವಿನಂತಿ ಕಳಿಸಿ, 204 (ವಿನಂತಿ ಸರಿಯಾಗಿ ಮುಟ್ಟಿತು ಅನ್ನುವ ಸಂಕೇತ) ಅನ್ನುವ ಉತ್ತರ ಬಂತಾ ನೋಡಿ, ಆ ನೆಟ್‌ವರ್ಕ್‌ಗೆ 'ವ್ಯಾಲಿಡೇಟೆಡ್', ಅಂದರೆ ನೆಟ್ ನಿಜಕ್ಕೂ ಇದೆ ಅಂತ ಗುರುತು ಹಾಕುತ್ತದೆ. ಆ ಗುರುತನ್ನು ಕೇಳಿ. ಆದರೂ ಅದು ಸ್ವಲ್ಪ ಹಿಂದಿನ ಸುದ್ದಿ, ಪೂರ್ತಿ ನಂಬಬೇಡಿ.

ಇನ್ನು ಟೈಮ್‌ಔಟ್, ಅಂದರೆ ಉತ್ತರಕ್ಕೆ ಆ್ಯಪ್ ಎಷ್ಟು ಹೊತ್ತು ಕಾದು ಕೈಬಿಡುತ್ತದೆ ಅನ್ನೋದು. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ನೆಟ್ ಕೆಲಸಕ್ಕೆ ಬಳಸುವ ಓಕೆಎಚ್‌ಟಿಟಿಪಿ ಅನ್ನುವ ಲೈಬ್ರರಿಯಲ್ಲಿ ನಾವೇನೂ ಹೇಳದಿದ್ದರೆ ಸಂಪರ್ಕಕ್ಕೆ 10 ಸೆಕೆಂಡು, ಓದುವುದಕ್ಕೆ 10 ಸೆಕೆಂಡು. ಐಫೋನಿನಲ್ಲಿ ಅದೇ ಕೆಲಸ ಮಾಡುವ ಯುಆರ್‌ಎಲ್‌ಸೆಷನ್‌ನಲ್ಲಿ 60. ಒಂದು ನಿಮಿಷ ತಿರುಗುವ ಚಕ್ರ ನೋಡುತ್ತಾ ಯಾರು ಕೂರುತ್ತಾರೆ? ಮತ್ತೆ ಬಟನ್ ಒತ್ತುತ್ತಾರೆ.

ಅಸಲಿ ಕಥೆ ಶುರುವಾಗುವುದೇ ಇಲ್ಲಿ. ತೋಟಕ್ಕೆ ಹತ್ತು ಚೀಲ ಗೊಬ್ಬರ ಬೇಕು ಅಂತ ಒಬ್ಬರು ಆರ್ಡರ್ ಒತ್ತಿದರು ಅಂದುಕೊಳ್ಳಿ. ಆರ್ಡರ್ ಸರ್ವರ್ ಮುಟ್ಟಿತು, ದಾಖಲೂ ಆಯಿತು. ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಆ್ಯಪ್ 'ವಿಫಲ' ಅಂದಿತು. ಅವರು ಮತ್ತೆ ಒತ್ತಿದರು. ಇಪ್ಪತ್ತು ಚೀಲ ಬಂದು ಇಳಿಯಿತು! ಏರೋಪ್ಲೇನ್ ಮೋಡ್ ಎಷ್ಟು ಸಲ ಹಾಕಿ ತೆಗೆದರೂ ಇದು ಸಿಗುವುದು ಕಷ್ಟ. ಚಾರ್ಲ್ಸ್ ಥರದ ಪ್ರಾಕ್ಸಿಯನ್ನು, ಅಂದರೆ ಹೋಗಿ ಬರುವ ಡೇಟಾವನ್ನು ದಾರಿಯಲ್ಲೇ ಹಿಡಿಯುವ ಸಾಫ್ಟ್‌ವೇರನ್ನು, ಫೋನು ಮತ್ತು ಸರ್ವರ್ ನಡುವೆ ಕೂರಿಸಿ. ವಿನಂತಿಯನ್ನು ಹೋಗಲು ಬಿಡಿ, ಉತ್ತರವನ್ನು ಮಾತ್ರ ತಡೆದು ಬಿಸಾಡಿ. ಮತ್ತೆ ಬಟನ್ ಒತ್ತಿ. ಆಮೇಲೆ ಫೋನ್ ನೋಡಬೇಡಿ, ಡೇಟಾಬೇಸ್ ನೋಡಿ. ಎರಡು ಸಾಲು ಇದ್ದರೆ ಕಳ್ಳ ಸಿಕ್ಕಿಬಿದ್ದ. ಪರಿಹಾರ ದೊಡ್ಡದೇನಲ್ಲ. ಪ್ರತಿ ಆರ್ಡರಿಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ, ಎಷ್ಟು ಸಲ ಕಳಿಸಿದರೂ ಅದನ್ನೇ ಕಳಿಸಬೇಕು. ಸರ್ವರ್ ಅದನ್ನು ನೋಡಿ, ಎರಡನೇ ಸಲ ಹಳೆಯ ಉತ್ತರವನ್ನೇ ಕೊಡಬೇಕು.

ಇನ್ನೊಂದು, ವೈಫೈನಿಂದ ಮೊಬೈಲ್ ಡೇಟಾಗೆ ಜಾರುವ ಗಳಿಗೆ. ನೆಟ್‌ನಲ್ಲಿ ಫೋನಿನ ಗುರುತಾದ ಐಪಿ ವಿಳಾಸ ಬದಲಾಗುತ್ತದೆ, ಹಳೆಯ ವಿಳಾಸದ ಮೇಲೆ ಸರ್ವರ್ ಜೊತೆಗಿದ್ದ ಟಿಸಿಪಿ ಸಂಪರ್ಕ ಸತ್ತಂತೆಯೇ. ದೊಡ್ಡ ಫೋಟೋ ಅಪ್‌ಲೋಡ್ ಆಗುತ್ತಿರುವಾಗ ವೈಫೈ ಆಫ್ ಮಾಡಿ. ನಿಂತಲ್ಲಿಂದ ಮುಂದುವರಿಯುತ್ತದೋ, ಮೊದಲಿನಿಂದ ಶುರುವಾಗುತ್ತದೋ, ಸುಮ್ನೆ ಚಕ್ರ ತಿರುಗುತ್ತದೋ ನೋಡಿ.

ಬರೀ ನಿಧಾನದ ನೆಟ್‌ ಬೇಕಾದರೆ ಘಟ್ಟಕ್ಕೆ ಹೋಗಬೇಕಿಲ್ಲ ಬಿಡಿ. ಕಂಪ್ಯೂಟರಿನಲ್ಲೇ ಓಡುವ ನಕಲಿ ಫೋನು, ಅಂದರೆ ಆಂಡ್ರಾಯ್ಡ್ ಎಮ್ಯುಲೇಟರಿನಲ್ಲೇ ವೇಗ ಇಳಿಸಬಹುದು. ಐಫೋನಿನಲ್ಲಿ ಡೆವಲಪರ್ ಸೆಟ್ಟಿಂಗ್ಸ್ ಒಳಗೆ ಇದೇ ಕೆಲಸಕ್ಕೆ ನೆಟ್‌ವರ್ಕ್ ಲಿಂಕ್ ಕಂಡೀಷನರ್ ಇದೆ.

ಮಾತು ಸಾಕು. ಗೊಬ್ಬರದ ಆರ್ಡರನ್ನು ಈಗ ಪರದೆಯ ಮೇಲೆ ಮಾಡಿಯೇ ತೋರಿಸುತ್ತೇನೆ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ.